ಔಷಧಿ ಬೆಳೆಗೆ ಗೊಬ್ಬರ: ತೂಕವೂ ಬರಲಿ, ಸತ್ವವೂ ಉಳಿಯಲಿ

ಅಶ್ವಗಂಧ, ತುಳಸಿ, ನೆಲಬೇವು ಬೆಳೆಯುವವರು ಮಾರುವುದು ಬರೀ ಬೇರು, ಸೊಪ್ಪನ್ನಲ್ಲ. ಅದರೊಳಗಿನ ಮದ್ದಿನ ಸತ್ವವನ್ನು. ಗೊಬ್ಬರ ತೂಕವನ್ನೂ ಸತ್ವವನ್ನೂ ಬದಲಿಸಬಲ್ಲದು. ಎರಡೂ ಕೈಗೆ ಸಿಗಲು ಏಳು ಸೂತ್ರಗಳು ಇಲ್ಲಿವೆ.

1. ಮಾರುವ ಭಾಗ ನೋಡಿ ಗೊಬ್ಬರ ಕೊಡಿ. ತುಳಸಿಯಂಥ ಸೊಪ್ಪಿನ ಬೆಳೆಗೆ ಪ್ರತಿ ಕಟಾವಿನ ನಂತರ ಸ್ವಲ್ಪ ಸಾರಜನಕ ಸಿಕ್ಕರೆ ಚೆನ್ನಾಗಿ ಚಿಗುರುತ್ತದೆ. ಅಶ್ವಗಂಧಕ್ಕೆ ಸಾರಜನಕ ಅತಿಯಾದರೆ ಎಲೆ ಹುಲುಸಾಗಿ ಬೇರು ಬಡವಾಗುತ್ತದೆ.

2. ಸತ್ವದ ಸ್ವಭಾವ ತಿಳಿಯಿರಿ. ಸರ್ಪಗಂಧ, ನಿತ್ಯಪುಷ್ಪದ ಆಲ್ಕಲಾಯ್ಡ್‌ಗಳ ರಚನೆಯಲ್ಲೇ ಸಾರಜನಕವಿದೆ. ಹದವಾಗಿ ಕೊಟ್ಟರೆ ಅವು ಹೆಚ್ಚಬಹುದು. ಫೀನಾಲ್, ಫ್ಲೇವನಾಯ್ಡ್‌ಗಳಲ್ಲಿ ಸಾರಜನಕವಿಲ್ಲ. ಅತಿಯಾಗಿ ಉಣಿಸಿದರೆ ಗಿಡ ಬೆಳವಣಿಗೆಗೇ ಶಕ್ತಿ ವ್ಯಯಿಸುತ್ತದೆ, ಇವು ಕಡಿಮೆಯಾಗಬಹುದು.

3. ಪೋಷಕಾಂಶದ ಲೆಕ್ಕ ಹಾಕಿ. ಯೂರಿಯಾದಲ್ಲಿ ಶೇ 46 ಸಾರಜನಕ, ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇ 0.5. ಅಂದರೆ 45 ಕೆ.ಜಿ.ಯ ಒಂದು ಚೀಲ ಯೂರಿಯಾಕ್ಕೆ ಸಮನಾಗಲು ಸುಮಾರು 4 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಯೂರಿಯಾ ಬೇಗ ಸಿಗುತ್ತದೆ, ಬೇಗ ಕಳೆದೂ ಹೋಗುತ್ತದೆ. ಕೊಟ್ಟಿಗೆ ಗೊಬ್ಬರ ನಿಧಾನ. ಆದರೆ ಸತು, ಬೋರಾನ್‌ನಂಥ ಲಘು ಪೋಷಕಾಂಶಗಳನ್ನೂ ಕೊಟ್ಟು, ಮಣ್ಣಿನಲ್ಲಿ ತೇವ ಹಿಡಿದಿಡುತ್ತದೆ.

4. ಮಣ್ಣು ಪರೀಕ್ಷೆ ಮೊದಲು, ಚೀಲ ಆಮೇಲೆ. ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ತಿಳಿಸುತ್ತದೆ. ಕೊರತೆಯಿರುವುದನ್ನಷ್ಟೇ ತುಂಬಿ.

5. ಸಾವಯವವೆಂದು ಮೈಮರೆಯಬೇಡಿ. ಹಸಿ ಸಗಣಿಯಿಂದ ಗೊಣ್ಣೆಹುಳು, ರೋಗಾಣು ಬರುತ್ತವೆ. ಚೆನ್ನಾಗಿ ಕಳಿತದ್ದನ್ನೇ ಹಾಕಿ. ಬೇರ್ಪಡಿಸದ ಪಟ್ಟಣದ ಕಸದ ಗೊಬ್ಬರದಲ್ಲಿ ಸೀಸ, ಕೆಲವು ರಂಜಕ ಗೊಬ್ಬರಗಳಲ್ಲಿ ಕ್ಯಾಡ್ಮಿಯಂ ಇರಬಹುದು. ಗಿಡಮೂಲಿಕೆಯಲ್ಲಿ ಸೀಸ 10 ಪಿಪಿಎಂ, ಕ್ಯಾಡ್ಮಿಯಂ 0.3 ಪಿಪಿಎಂ ಮೀರುವಂತಿಲ್ಲ. ರೋಗಿಯ ಹೊಟ್ಟೆ ಸೇರುವ ವಸ್ತುವಿದು; ಇಲ್ಲಿ ರಾಜಿ ಬೇಡ.

6. ದಾರಿ ಮೊದಲೇ ಆರಿಸಿ. ಸಾವಯವ ಪ್ರಮಾಣಪತ್ರ ಬೇಕಿದ್ದರೆ ರಾಸಾಯನಿಕ ಗೊಬ್ಬರ ಪೂರ್ತಿ ನಿಲ್ಲಿಸಿ, ಪರಿವರ್ತನಾ ಅವಧಿಗೆ ಸಿದ್ಧರಾಗಿ. ಬೇಡವಾದರೆ ಕೊಟ್ಟಿಗೆ ಗೊಬ್ಬರವನ್ನು ತಳಗೊಬ್ಬರವಾಗಿ ಕೊಟ್ಟು, ಉಳಿದ ಕೊರತೆಗೆ ಮಾತ್ರ ರಾಸಾಯನಿಕವನ್ನು ಕಂತುಗಳಲ್ಲಿ ಬಳಸಿ. ಅಜೋಸ್ಪೈರಿಲಮ್‌ನಂಥ ಜೈವಿಕ ಗೊಬ್ಬರವನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ. ಯೂರಿಯಾ ಜೊತೆ ಕಲಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ.

7. ನಿಮ್ಮ ಹೊಲದಲ್ಲೇ ಹೋಲಿಸಿ. ಎರಡು ಪಟ್ಟೆಗಳಿಗೆ ಎರಡು ಬಗೆಯ ಗೊಬ್ಬರ ಹಾಕಿ. ಒಣತೂಕ ಬರೆದಿಡಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಉದಾಹರಣೆಗೆ, ಶೇ 0.3 ಸತ್ವದ 400 ಕೆ.ಜಿ. ಬೇರಿನಲ್ಲಿ ಸಿಗುವ ಮದ್ದು 1.2 ಕೆ.ಜಿ.; ಶೇ 0.5 ಸತ್ವದ 300 ಕೆ.ಜಿ.ಯಲ್ಲಿ 1.5 ಕೆ.ಜಿ. ಈ ಲೆಕ್ಕ ಕೈಯಲ್ಲಿದ್ದರೆ ಖರೀದಿದಾರರ ಮುಂದೆ ಗುಣಮಟ್ಟಕ್ಕೆ ತಕ್ಕ ದರವನ್ನು ಧೈರ್ಯವಾಗಿ ಕೇಳಬಹುದು.