ಮನೆಯೇ ಧ್ವನಿಮಂದಿರ

ಆಡಿದ ಮಾತು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಲಯವಾಗುತ್ತದೆ. ಬರೆದ ಅಕ್ಷರವನ್ನು ಮತ್ತೆ ಮತ್ತೆ ಓದಬಹುದು. ಕಲ್ಲಿನಲ್ಲಿ ಕಡೆದ ಶಿಲ್ಪವನ್ನು ಶತಮಾನಗಳ ತರುವಾಯವೂ ನೋಡಬಹುದು. ಆದರೆ ನುಡಿದವರ ದನಿಯನ್ನು ಹಿಡಿದಿಟ್ಟು ಮರಳಿ ಕೇಳಿಸುವ ವಿದ್ಯೆ ಮಾನವನಿಗೆ ಬಹುಕಾಲ ಕೈಗೂಡಿರಲಿಲ್ಲ. 1877ರಲ್ಲಿ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿ ಆ ಕೊರತೆಯನ್ನು ನೀಗಿದನು. ಅಂದು ಅದ್ಭುತವೆನಿಸಿದ್ದ ಆ ಕಾರ್ಯವನ್ನು ಇಂದು ಒಂದು ಚಿಕ್ಕ ಮನೆಯ ಚಿಕ್ಕ ಕೋಣೆಯಲ್ಲಿಯೇ ಮಾಡಬಹುದಾಗಿದೆ. ಆದರೂ ಯಂತ್ರವು ಕೈಸೇರಿದ ಮಾತ್ರಕ್ಕೆ ಧ್ವನಿಮುದ್ರಣವು ಶುದ್ಧವಾಗುವುದಿಲ್ಲ. ಅದರ ಹಿಂದೆ ಒಂದು ಶಾಸ್ತ್ರವಿದೆ, ಒಂದು ಶಿಸ್ತೂ ಇದೆ.

ದಾವಣಗೆರೆಗೆ ದನಿಯ ಬೆಲೆ ಹೊಸದಾಗಿ ತಿಳಿಯಬೇಕಾದುದೇನಲ್ಲ. ವೃತ್ತಿರಂಗಭೂಮಿಯ ಹೆಸರಾಂತ ಕೆ.ಬಿ.ಆರ್. ಡ್ರಾಮಾ ಕಂಪನಿಯು ಈ ಊರಿನದು. ಅದನ್ನು ಮುನ್ನಡೆಸಿದ ಕಲಾವಿದೆ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 2010ರಲ್ಲಿ ಅವರು ತೀರಿಕೊಂಡರು. ಧ್ವನಿವರ್ಧಕಗಳು ಇನ್ನೂ ಬಾರದಿದ್ದ ಕಾಲದಲ್ಲಿ ನಾಟಕ ಕಂಪನಿಗಳ ನಟನಟಿಯರು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸುವಂತೆ ಕಂಠವೆತ್ತಿ ನುಡಿಯಬೇಕಾಗಿತ್ತು. ಧ್ವನಿಮುದ್ರಣದಲ್ಲಿ ಈ ಕ್ರಮವು ತಿರುವುಮುರುವಾಗುತ್ತದೆ. ಇಲ್ಲಿ ಕೇಳುಗನು ದೂರದಲ್ಲಿಲ್ಲ. ಕಲಾವಿದನ ಬಾಯಿಯಿಂದ ಒಂದು ಗೇಣಿನಷ್ಟು ಹತ್ತಿರದಲ್ಲಿ, ಮೈಕ್ರೋಫೋನಿನ ರೂಪದಲ್ಲಿ ಕುಳಿತಿದ್ದಾನೆ. ಅವನಿಗೆ ನಿಟ್ಟುಸಿರೂ ಕೇಳಿಸುತ್ತದೆ, ಕಾಗದ ಮಗುಚಿದ ಸಪ್ಪಳವೂ ಕೇಳಿಸುತ್ತದೆ.

ಮನೆಯಿಂದಲೇ ನಾಡಿಗೆ ದನಿಯನ್ನು ಕಳುಹಿಸುವ ಸಾಹಸವೂ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕ ಯಂತ್ರದ ಶಕ್ತಿಯು ಕೇವಲ 30 ವ್ಯಾಟ್. ಆ ಪುಟ್ಟ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ಭಾರತದ ಬಾನುಲಿಗೆ ಹೆಸರಾಯಿತು. ಸಾಧನವು ಅಲ್ಪವಾಗಿದ್ದರೂ ಶ್ರದ್ಧೆಯು ದೊಡ್ಡದಾಗಿದ್ದರೆ ಏನನ್ನು ಸಾಧಿಸಬಹುದೆಂಬುದಕ್ಕೆ ಇದೊಂದು ಉಜ್ಜ್ವಲ ನಿದರ್ಶನ.

ಇಂದು ದನಿಯನ್ನೇ ನಂಬಿ ಬಾಳುವ ಕಲಾವಿದರು ಅನೇಕರಿದ್ದಾರೆ. ಸಾಕ್ಷ್ಯಚಿತ್ರಗಳ ನಿರೂಪಣೆ, ಜಾಹೀರಾತು, ಧ್ವನಿಪುಸ್ತಕ, ಶಾಲಾಪಾಠ ಇವೆಲ್ಲಕ್ಕೂ ಕಂಠವು ಬೇಕು. ಅನ್ಯಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಲು ಚಿತ್ರರಂಗದಲ್ಲಿ ದಶಕಗಳ ಕಾಲ ವಿರೋಧವಿದ್ದಿತು. ಅಂತಹ ತಡೆಯು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಭಾರತದ ಸ್ಪರ್ಧಾ ಆಯೋಗವು 2015ರಲ್ಲಿ ಆದೇಶವಿತ್ತಿತು; ಆ ನಂತರದ ವರ್ಷಗಳಲ್ಲಿ ಕಂಠದಾನ ಕಲಾವಿದರಿಗೆ ಕೆಲಸವು ಹೆಚ್ಚಿತು. ಆದರೆ ದೊಡ್ಡ ಧ್ವನಿಮುದ್ರಣ ಮಂದಿರಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರು. ಹತ್ತು ನಿಮಿಷದ ಓದಿಗಾಗಿ ಅಷ್ಟು ದೂರ ಹೋಗಿಬರುವುದು ಎಲ್ಲರಿಗೂ ಸಾಧ್ಯವಿಲ್ಲ. ದಾವಣಗೆರೆಯ, ಹರಿಹರದ ಒಬ್ಬ ಯುವತಿಯೋ ಯುವಕನೋ ತನ್ನ ಮನೆಯ ಕೋಣೆಯಲ್ಲಿಯೇ ಶುದ್ಧವಾಗಿ ಧ್ವನಿಮುದ್ರಣ ಮಾಡಬಲ್ಲವರಾದರೆ ಆ ದೂರವು ಅಳಿಯುತ್ತದೆ.

ಹಾಗಾದರೆ ಮೊದಲು ಬೇಕಾದುದು ಯಾವುದು? ಬೆಲೆಬಾಳುವ ಯಂತ್ರವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಮೊದಲು ಬೇಕಾದುದು ಒಳ್ಳೆಯ ಕೋಣೆ.

ಹರಿಹರದ ಹರಿಹರೇಶ್ವರ ದೇವಾಲಯವನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯವಿದು. ಇಂತಹ ಕಲ್ಲಿನ ಗುಡಿಗಳ ಒಳಭಾಗದಲ್ಲಿ ಗಂಟೆಯನ್ನು ಬಾರಿಸಿದರೆ ಅದರ ನಾದವು ಕೆಲಕಾಲ ಸುಳಿದಾಡುತ್ತದೆ. ನುಣುಪಾದ ಕಲ್ಲು ಶಬ್ದವನ್ನು ಹೀರದೆ ಹಿಂದಕ್ಕೆ ಎಸೆಯುವುದೇ ಇದಕ್ಕೆ ಕಾರಣ. ಪೂಜೆಯ ಗಂಟೆಗೆ ಇದು ಸೊಬಗು. ಓದುವ ಮಾತಿಗೆ ಇದು ತೊಡಕು.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಎದುರಿನ ಗೋಡೆ 17 ಮೀಟರು ದೂರದಲ್ಲಿದ್ದರೆ ದನಿಯು ಹೋಗಿ ಹಿಂತಿರುಗಲು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುತ್ತದೆ. ಆಗ ಅದು ಪ್ರತಿಧ್ವನಿಯಾಗಿ ಬೇರೆಯಾಗಿಯೇ ಕೇಳಿಸುತ್ತದೆ. ಮನೆಯ ಕೋಣೆಯಲ್ಲಿ ಗೋಡೆಯು ಮೂರು ಮೀಟರಿನಲ್ಲಿಯೇ ಇರುತ್ತದೆ. ಅಲ್ಲಿಂದ ಮರಳಿದ ದನಿಯು ಬೇರೆಯಾಗಿ ಕೇಳದೆ ಮೂಲ ದನಿಯೊಡನೆ ಬೆರೆತು ಅದನ್ನು ಕದಡುತ್ತದೆ. ಡಬ್ಬಿಯೊಳಗೆ ಕುಳಿತು ಮಾತನಾಡಿದಂತೆ ಕೇಳಿಸುವ ಧ್ವನಿಮುದ್ರಣಗಳ ದೋಷವು ಇದೇ. ಹೀಗೆ ಕೋಣೆಯಲ್ಲಿ ಉಳಿಯುವ ದನಿಗೆ ಅನುರಣನವೆಂದು ಹೆಸರು.

ಅನುರಣನವನ್ನು ಅಳೆದು ಶಾಸ್ತ್ರವನ್ನಾಗಿಸಿದವನು ವಾಲೇಸ್ ಸಾಬಿನ್ ಎಂಬ ವಿಜ್ಞಾನಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಹೊಸ ಉಪನ್ಯಾಸಮಂದಿರದಲ್ಲಿ ಭಾಷಣವೇ ತಿಳಿಯುತ್ತಿರಲಿಲ್ಲ. ಅಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳ ಕಾಲ ಕೇಳಿಸುತ್ತಲೇ ಇತ್ತು. ಅಷ್ಟರಲ್ಲಿ ಭಾಷಣಕಾರನು ಹತ್ತಾರು ಅಕ್ಷರಗಳನ್ನು ನುಡಿದು ಮುಂದೆ ಸಾಗಿರುತ್ತಿದ್ದನು. 1895ರಲ್ಲಿ ಈ ದೋಷದ ಪರೀಕ್ಷೆಯನ್ನು ಕೈಗೊಂಡ ಸಾಬಿನ್ನನು ರಾತ್ರಿಯ ನಿಶ್ಶಬ್ದದಲ್ಲಿ ಸಮೀಪದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ತರಿಸಿ ಹರಡಿದನು. ಮೆತ್ತೆಗಳು ಹೆಚ್ಚಿದಂತೆಲ್ಲ ಅನುರಣನವು ಕುಗ್ಗಿತು. ಮೃದುವಾದ ವಸ್ತುವಿನ ಎಳೆಗಳ ನಡುವೆ ನುಸುಳುವ ಗಾಳಿಯ ಕಂಪನವು ಘರ್ಷಣೆಯಿಂದ ಅತ್ಯಲ್ಪ ಶಾಖವಾಗಿ ಮಾರ್ಪಟ್ಟು ಅಡಗುತ್ತದೆಂಬುದೇ ಇದರ ರಹಸ್ಯ.

ಮೆತ್ತೆಯ ಈ ಗುಣವು ದಾವಣಗೆರೆಗೆ ವಿಶೇಷವಾಗಿ ಒಪ್ಪುತ್ತದೆ. ಒಂದು ಕಾಲದಲ್ಲಿ ಹತ್ತಿಯ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯಿಸಿಕೊಂಡ ಊರಿದು. ಗಿರಣಿಗಳ ಆ ವೈಭವ ಇಂದು ಉಳಿದಿಲ್ಲವಾದರೂ ಹತ್ತಿಯ ಹಾಸಿಗೆ, ಅಜ್ಜಿ ಹೊಲಿದ ಕೌದಿ, ಉಣ್ಣೆಯ ಕಂಬಳಿ ಇವು ಮನೆಮನೆಯಲ್ಲಿಯೂ ಉಂಟು. ಓದುವವರ ಹಿಂದೆ, ಪಕ್ಕದಲ್ಲಿ ದಪ್ಪನೆಯ ಕೌದಿಗಳನ್ನು ಗೋಡೆಗೆ ತಗುಲದಂತೆ ನಾಲ್ಕು ಬೆರಳು ಅಂತರ ಬಿಟ್ಟು ತೂಗಿದರೆ, ನೆಲಕ್ಕೆ ಜಮಖಾನ ಹಾಸಿದರೆ, ಕೋಣೆಯು ಅರ್ಧ ಸಿದ್ಧವಾದಂತೆಯೇ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಮುಂದೆ ಕುಳಿತರೂ ಒಳ್ಳೆಯದೇ. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸುವ ರೂಢಿಯಿಂದ ಮಾತ್ರ ಹೆಚ್ಚಿನ ಪ್ರಯೋಜನವಿಲ್ಲ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಕೌದಿಯು ಒಳಗಿನ ಅನುರಣನವನ್ನು ಹೀರುವುದೇ ಹೊರತು ಹೊರಗಿನ ಸದ್ದನ್ನು ತಡೆಯಲಾರದು. ಸದ್ದನ್ನು ತಡೆಯಲು ಭಾರವಾದ ಗೋಡೆಯೂ ಬಿರುಕಿಲ್ಲದ ಬಾಗಿಲೂ ಬೇಕು. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗವು ದಾವಣಗೆರೆ, ಹರಿಹರಗಳೆರಡನ್ನೂ ಹಾದುಹೋಗುತ್ತದೆ. ಹಳೆಯ ಪಿ.ಬಿ. ರಸ್ತೆಯಲ್ಲಿ ವಾಹನಗಳು ಹಗಲೆಲ್ಲ ಮೊರೆಯುತ್ತವೆ. ಆದುದರಿಂದ ಬೀದಿಗೆ ದೂರವಾದ ಒಳಕೋಣೆಯನ್ನು ಆರಿಸಿಕೊಂಡು, ಊರು ಏಳುವ ಮುನ್ನ ಬೆಳಗಿನ ಜಾವದಲ್ಲಿ ಓದುವುದು ಜಾಣತನ. ಓದುವಾಗ ಫ್ಯಾನನ್ನು ನಿಲ್ಲಿಸಬೇಕಾಗುತ್ತದೆ. ಬೇಸಗೆಯ ದಾವಣಗೆರೆಯಲ್ಲಿ ಇದೂ ಒಂದು ಸಣ್ಣ ತಪಸ್ಸೇ ಸರಿ.

ಕೋಣೆ ಸಿದ್ಧವಾದ ಮೇಲೆ ಮೈಕ್ರೋಫೋನಿನ ಸರದಿ. ಎದುರಿನ ದನಿಯನ್ನು ಹೆಚ್ಚಾಗಿಯೂ ಹಿಂಬದಿಯ ದನಿಯನ್ನು ಕಡಿಮೆಯಾಗಿಯೂ ಗ್ರಹಿಸುವ ಬಗೆಯದು ಮನೆಯ ಕೆಲಸಕ್ಕೆ ಅನುಕೂಲ. ಬಾಯಿಗೂ ಅದಕ್ಕೂ ಸುಮಾರು ಒಂದು ಗೇಣು ಅಂತರವಿರಬೇಕು. ದೂರವು ಇಮ್ಮಡಿಯಾದರೆ ನೇರವಾಗಿ ತಲುಪುವ ದನಿಯ ಒತ್ತಡವು ಅರ್ಧಕ್ಕೆ ಇಳಿಯುತ್ತದೆ; ಕೋಣೆಯ ಅನುರಣನವು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹೀಗೆ ದೂರ ಸರಿದಷ್ಟೂ ಮಾತು ಸೋತು ಕೋಣೆ ಗೆಲ್ಲುತ್ತದೆ.

ಕನ್ನಡವನ್ನು ಓದುವವರಿಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ನಮ್ಮ ಭಾಷೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದದಿಂದ ಅರ್ಥವೇ ಬದಲಾಗುತ್ತದೆ. ‘ದನ’ವೆಂದರೆ ಪಶು, ‘ಧನ’ವೆಂದರೆ ಸಂಪತ್ತು, ‘ಕರ’ವೆಂದರೆ ಕೈ, ‘ಖರ’ವೆಂದರೆ ಕತ್ತೆ. ಇವನ್ನು ಬೇರ್ಪಡಿಸುವುದು ಒಂದು ಕ್ಷಣದ ಉಸಿರು ಮಾತ್ರ. ಕದಡಿದ ಧ್ವನಿಮುದ್ರಣದಲ್ಲಿ ಆ ಉಸಿರು ಮಸುಕಾಗುತ್ತದೆ. ಆದರೆ ಅದೇ ಉಸಿರು ಮೈಕ್ರೋಫೋನಿಗೆ ನೇರವಾಗಿ ಬಡಿದರೆ ‘ಪ’, ‘ಫ’, ‘ಭ’ಗಳಲ್ಲಿ ಗುಡುಗಿನಂತಹ ಸದ್ದು ಕೇಳುತ್ತದೆ. ಆದುದರಿಂದ ಮೈಕ್ರೋಫೋನನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿಟ್ಟು, ನಡುವೆ ತೆಳುಬಟ್ಟೆಯ ತೆರೆಯೊಂದನ್ನು ನಿಲ್ಲಿಸುವರು. ತೆರೆಯು ಗಾಳಿಯ ರಭಸವನ್ನು ಮುರಿದು ದನಿಯನ್ನು ಮಾತ್ರ ಒಳಬಿಡುತ್ತದೆ.

ಹೀಗೆ ಗ್ರಹಿಸಿದ ದನಿಯನ್ನು ಗಣಕಯಂತ್ರವು ಅಂಕಿಗಳಾಗಿ ಬರೆದಿಡುತ್ತದೆ. ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಲೆಯ ಎತ್ತರವನ್ನು ಅಳೆಯುವುದು ರೂಢಿ. ಮಾನವನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅದರ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಯಾವುದೂ ತಪ್ಪಿಹೋಗುವುದಿಲ್ಲ. ಪ್ರತಿ ಅಳತೆಗೂ 16 ಬಿಟ್ಟುಗಳಲ್ಲಿ 65,536 ಮೆಟ್ಟಿಲುಗಳೂ, 24 ಬಿಟ್ಟುಗಳಲ್ಲಿ 1,67,77,216 ಮೆಟ್ಟಿಲುಗಳೂ ಇರುತ್ತವೆ. ಆದರೆ ದನಿಯು ಮೇಲಿನ ಮಿತಿಯನ್ನು ಮೀರಿದರೆ ಅಲೆಯ ತಲೆಯೇ ಕತ್ತರಿಸಿಹೋಗಿ ಕರ್ಕಶವಾಗುತ್ತದೆ. ಅದನ್ನು ಮರಳಿ ಪೂರ್ಣವಾಗಿ ಸರಿಪಡಿಸಲಾಗದು. ಆದುದರಿಂದ ಅತಿ ಗಟ್ಟಿಯಾದ ನುಡಿಯೂ ಮಿತಿಗಿಂತ ಕೆಲವು ಡೆಸಿಬೆಲ್ ಕೆಳಗೇ ಇರುವಂತೆ ಮೊದಲೇ ಹೊಂದಿಸಿಕೊಳ್ಳಬೇಕು. ಎಸಿಎಕ್ಸ್ ಎಂಬ ಧ್ವನಿಪುಸ್ತಕ ಸಂಸ್ಥೆಯು ಮೌನದಲ್ಲಿ ಉಳಿಯುವ ಸದ್ದು ಈ ಮಿತಿಗಿಂತ 60 ಡೆಸಿಬೆಲ್ ಕೆಳಗಿರಬೇಕೆಂದು ವಿಧಿಸಿದೆ. ಎಂದರೆ ಪೂರ್ಣ ಅಲೆಯ ಎತ್ತರದ ಸಾವಿರದಲ್ಲಿ ಒಂದು ಭಾಗವನ್ನು ಆ ಸದ್ದು ಮೀರಬಾರದು. ಮುದ್ರಿಸಿದ ನಂತರ ಸದ್ದನ್ನು ತೆಗೆಯುವ ತಂತ್ರಾಂಶಗಳು ಇವೆ, ನಿಜ. ಆದರೆ ಅವನ್ನು ಅತಿಯಾಗಿ ಬಳಸಿದರೆ ಸದ್ದಿನೊಡನೆ ದನಿಯ ಜೀವವೂ ಹೋಗುತ್ತದೆ. ಮಸಿ ಚೆಲ್ಲಿದ ಮೇಲೆ ಒರೆಸುವುದಕ್ಕಿಂತ ಚೆಲ್ಲದಂತೆ ಬರೆಯುವುದೇ ಮೇಲು.

ಇಷ್ಟೆಲ್ಲ ಶ್ರಮವು ಯಾರಿಗಾಗಿ? ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪುಸ್ತಕವೆಂದರೆ ಅನೇಕ ವೇಳೆ ಮತ್ತೊಬ್ಬರ ದನಿಯೇ. ಮುದ್ರಿತ ಪುಸ್ತಕಗಳನ್ನು ಓದಲಾಗದವರಿಗಾಗಿ 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ವೆಂಬ ಅಂತರ್ಜಾಲ ಗ್ರಂಥಾಲಯವು ನಮ್ಮ ದೇಶದಲ್ಲಿ ಆರಂಭವಾಯಿತು. ಕಣ್ಣಿದ್ದವನು ಅಚ್ಚಿನ ತಪ್ಪನ್ನು ಕಂಡರೆ ಊಹಿಸಿ ತಿದ್ದಿಕೊಳ್ಳಬಲ್ಲನು. ಕೇಳಿಯೇ ಕಲಿಯುವವರಿಗೆ ‘ಧನ’ವು ‘ದನ’ವಾಗಿ ಕೇಳಿಸಿದರೆ ತಿದ್ದಿಕೊಳ್ಳಲು ಎದುರಿಗೆ ಪುಟವಿರುವುದಿಲ್ಲ. ಅಕ್ಷರ ಕಲಿಯದ ಹಿರಿಯರ ಪಾಡೂ ಇದೇ. ಧ್ವನಿಮುದ್ರಣದ ಶುದ್ಧಿಯು ಬರಿಯ ಅಲಂಕಾರವಲ್ಲ, ಕೇಳುಗನಿಗೆ ಸಲ್ಲಬೇಕಾದ ನ್ಯಾಯವೆಂಬುದು ಇದರಿಂದ ತಿಳಿಯುತ್ತದೆ.

ಜಿಲ್ಲೆಜಿಲ್ಲೆಯ ಕನ್ನಡಕ್ಕೂ ತನ್ನದೇ ಆದ ಏರಿಳಿತವುಂಟು. ರಾಜಧಾನಿಯ ಕೋಣೆಗಳಲ್ಲಿ ಮಾತ್ರ ಕನ್ನಡವು ಮುದ್ರಿತವಾದರೆ ಉಳಿದ ಊರುಗಳ ನುಡಿಯ ಸೊಗಸು ಮುಂದಿನವರಿಗೆ ತಲುಪದೆ ಹೋದೀತು. ತುಂಗಭದ್ರೆಯ ದಡದ ಒಂದು ಮನೆಯಲ್ಲಿ ನಾಲ್ಕು ಕೌದಿ, ಒಂದು ಮೈಕ್ರೋಫೋನು, ಬೆಳಗಿನ ಜಾವದ ಮೌನ ಮತ್ತು ತಾಳ್ಮೆಯುಳ್ಳ ಒಂದು ಕಂಠ ಸೇರಿದರೆ ಆ ಕೊರತೆಯನ್ನು ನೀಗಬಹುದು.

ಅಭ್ಯಾಸ

1. ಡಾ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಪ್ರಸಾರವನ್ನು ಎಲ್ಲಿಂದ, ಯಾವಾಗ ಆರಂಭಿಸಿದರು?
2. ಪ್ರತಿಧ್ವನಿಗೂ ಅನುರಣನಕ್ಕೂ ಇರುವ ವ್ಯತ್ಯಾಸವೇನು?
3. ಕೌದಿಯು ಯಾವ ದೋಷವನ್ನು ನಿವಾರಿಸುತ್ತದೆ? ಯಾವುದನ್ನು ನಿವಾರಿಸಲಾರದು? ಕಾರಣ ಕೊಡಿ.
4. “ದೂರ ಸರಿದಷ್ಟೂ ಮಾತು ಸೋತು ಕೋಣೆ ಗೆಲ್ಲುತ್ತದೆ” – ಈ ಮಾತನ್ನು ವಿವರಿಸಿ.
5. ಮಹಾಪ್ರಾಣದಿಂದ ಅರ್ಥ ಬದಲಾಗುವ ಐದು ಜೋಡಿ ಪದಗಳನ್ನು ಬರೆದು, ಸ್ಪಷ್ಟವಾಗಿ ಉಚ್ಚರಿಸಿರಿ.