ಹಿಮನಾಡಿನ ಸಾಹಸ ಗೇಮ್‌ನಲ್ಲಿ ಪಾತ್ರಕಲ್ಪನೆ

ಜಾನಪದದ ಪಾತ್ರವೊಂದು ವಿಡಿಯೊ ಗೇಮ್‌ಗೆ ಬರುವಾಗ ಅದನ್ನು ಬದಲಿಸುವ ಅಧಿಕಾರ ಯಾರದು? ಈ ಪ್ರಶ್ನೆಯ ಪರಿಶೀಲನೆಗೆ 2014ರ ‘ನೆವರ್ ಅಲೋನ್’ ಉತ್ತಮ ನಿದರ್ಶನ. ಅಲಾಸ್ಕಾದ ಇನುಪಿಯಾಟ್ ಸಮುದಾಯದ ರಾಬರ್ಟ್ ನಾಸ್ರುಕ್ ಕ್ಲೀವ್‌ಲ್ಯಾಂಡ್ ಹೇಳಿದ ಕಥೆ ಇದಕ್ಕೆ ಆಧಾರ. ನಿಲ್ಲದ ಹಿಮಗಾಳಿಯ ಕಾರಣವನ್ನು ಹುಡುಕಿ ಹೊರಡುವವನು ಮೂಲದಲ್ಲಿ ಹುಡುಗ. ಗೇಮ್‌ನಲ್ಲಿ ನೂನಾ ಎಂಬ ಹುಡುಗಿ, ಜೊತೆಗೊಂದು ಬಿಳಿ ನರಿ. ಈ ಮಾರ್ಪಾಡಿಗೆ ಕಥೆಗಾರರ ಮಗಳು ಮಿನ್ನಿ ಗ್ರೇ ಅವರ ಒಪ್ಪಿಗೆಯಿತ್ತು. ನಿರೂಪಣೆಯೂ ಇನುಪಿಯಾಕ್ ಭಾಷೆಯಲ್ಲಿದೆ. ತುಪ್ಪಳದ ಉಡುಪು ಇಲ್ಲಿ ಹೊರರೂಪ ಮಾತ್ರ. ನೂನಾಳ ವ್ಯಕ್ತಿತ್ವ ರೂಪುಗೊಳ್ಳುವುದು ಆ ನುಡಿಯಿಂದ ಹಾಗೂ ಒಬ್ಬರನ್ನು ಬಿಟ್ಟು ಒಬ್ಬರು ಮುಂದುವರಿಯಲಾಗದ ನರಿಯ ಸಾಂಗತ್ಯದಿಂದ.

ಅರಕೆರೆಯನ್ನೊಳಗೊಂಡ ಮಂಡ್ಯ ಸೀಮೆಯ ಅಧ್ಯಯನಕಾರರಿಗೆ ಈ ತತ್ತ್ವ ಹೊಸದಲ್ಲ. ತೊಗಲುಗೊಂಬೆಯಾಟದಲ್ಲಿಯೂ ಪಾತ್ರ ಬೆಳಕಿನೆದುರಿನ ಆಕೃತಿಯಿಂದ ಗುರುತಾಗುತ್ತದೆ, ಮಾತಿನಿಂದ ಜೀವ ಪಡೆಯುತ್ತದೆ. ಕಿಳ್ಳೇಕ್ಯಾತ, ಬಂಗಾರಕ್ಕರನ್ನು ಗೇಮ್‌ಗೆ ತರಬಯಸುವವರು ಗೊಂಬೆಗಳ ಚಿತ್ರಗಳನ್ನಷ್ಟೇ ಕೊಂಡೊಯ್ದರೆ ಸಾಲದು. ಮೇಳದವರ ಒಪ್ಪಿಗೆಯನ್ನೂ ಅವರ ಮಾತಿನ ವರಸೆಯನ್ನೂ ಪಡೆಯಬೇಕು. ಗ್ರಂಥಸಂಪಾದನೆಯಲ್ಲಿ ಹಸ್ತಪ್ರತಿಯ ಪಾಠಕ್ಕೆ ನಾವು ತೋರುವ ನಿಷ್ಠೆ ಕಥನವನ್ನು ಕಾಪಾಡಿಕೊಂಡು ಬಂದವರಿಗೂ ಸಲ್ಲತಕ್ಕದ್ದು.