ಕಾಲಿಗೆ ತಕ್ಕ ಚಪ್ಪಲಿ

ಅಕ್ಕ ತಂಗಿಯರೇ, ಇವತ್ತಿನ ಪಾಠಕ್ಕೆ ಹಲಗೆ ಬೇಡ. ಕಾಲು ಮುಂದೆ ಚಾಚಿ ಕೂಡಿರಿ. ನಿಮ್ಮ ಕಾಲನ್ನು ನೀವೇ ನೋಡಿರಿ. ಹೀಗೆ ನೋಡಿ ಎಷ್ಟು ದಿನವಾಯಿತು?

ಹಿಮ್ಮಡ ಒಡೆದಿದೆ. ಕಿರುಬೆರಳ ಮೇಲೆ ಆಣಿ ಎದ್ದಿದೆ. ಕೆಲವರ ಹೆಬ್ಬೆರಳ ಗೆಣ್ಣು ಹೊರಗೆ ಬಂದಿದೆ. ಈ ಕಾಲು ಆನೆಗೊಂದಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡಿದೆ. ಬಾಳೆತೋಟದಲ್ಲಿ ಗೊನೆ ಹೊತ್ತು ನಡೆದಿದೆ. ಬ್ಯಾಸಗಿಯಲ್ಲಿ ಕಾದ ಬಂಡೆ ತುಳಿದಿದೆ. ಶನಿವಾರ ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದೆ. ಇಷ್ಟು ದುಡಿದ ಕಾಲಿಗೆ ನಾವು ಎಂಥ ಚಪ್ಪಲಿ ಕೊಟ್ಟಿದ್ದೇವೆ?

ನಮ್ಮ ರಾತ್ರಿ ತರಗತಿಯಲ್ಲಿ ಈ ಮಾತು ಬಂದಾಗ ಎಲ್ಲರೂ ನಕ್ಕರು. ಒಬ್ಬಾಕೆ, "ನಮ್ಮನ್ಯಾಗ ಅವರ ತರ್ತಾರ್ರಿ. ಸಂತ್ಯಾಗ ಸಿಕ್ಕದ್ದು ತರ್ತಾರ. ನಾವು ಹಾಕ್ಕೋತೀವಿ" ಅಂದಳು. ಇನ್ನೊಬ್ಬಾಕೆ, "ನನ್ನ ಕಾಲಿಗಿ ಯಾವ್ದೂ ಬರಂಗಿಲ್ರಿ ಅಕ್ಕಾರ. ನನ್ನ ಕಾಲ ಸರಿಯಿಲ್ಲ" ಅಂದಳು.

ಕಾಲು ಸರಿಯಿಲ್ಲವೇ? ಚಪ್ಪಲಿ ಸರಿಯಿಲ್ಲವೇ? ಯೋಚನೆ ಮಾಡೋಣ.

ಅಂಗಡಿಯ ಚಪ್ಪಲಿಯ ಮೇಲೆ ಒಂದು ನಂಬರು ಇರುತ್ತದೆ. 4, 5, 6, 7. ಈ ನಂಬರು ಇಂಗ್ಲಿಷರ ಕಾಲದಲ್ಲಿ ಬಂದದ್ದು. ಅದು ಕಾಲಿನ ಉದ್ದವನ್ನು ಮಾತ್ರ ಹೇಳುತ್ತದೆ. ಅಗಲ ಹೇಳುವುದಿಲ್ಲ. 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಜನರ ಕಾಲು ಅಳೆದರು. 79 ಕಡೆ ಹೋದರು. 1 ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಏನು ಕಂಡಿತು? ನಮ್ಮ ಜನರ ಪಾದ ಯುರೋಪಿನವರ ಪಾದಕ್ಕಿಂತ ಅಗಲ. ಅವರ ಅಳತೆಯ ಚಪ್ಪಲಿ ನಮಗೆ ಬಿಗಿಯಾಗುತ್ತದೆ. ಅಗಲ ಸಾಲದೆ ನಾವು ಉದ್ದನೆಯದು ಕೊಳ್ಳುತ್ತೇವೆ. ಆಗ ಹಿಂದೆ ಸಡಿಲಾಗಿ ಪಟಪಟ ಬಡಿಯುತ್ತದೆ. ನಿಮ್ಮ ಕಾಲಿನದೇನೂ ತಪ್ಪಿಲ್ಲ.

ಇನ್ನು ಆ ಅಕ್ಕನ ಮಾತು ಕೇಳಿರಿ. ಹೆಸರು ಬೇಡ. ಅವಳೇ ಬೇಡ ಅಂದಿದ್ದಾಳೆ. ಆದರೆ ಕತೆ ಎಲ್ಲರಿಗೂ ಹೇಳ್ರಿ ಅಂದಿದ್ದಾಳೆ.

ಅವಳಿಗೆ ಐವತ್ತು ದಾಟಿದೆ. ಗದ್ದೆ ಕೂಲಿ. ಪಾದ ಅಗಲ. ಎರಡೂ ಹೆಬ್ಬೆರಳ ಗೆಣ್ಣು ಉಬ್ಬಿದೆ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಗಳ ಮದುವೆ ಬಂತು. ಬರಿಗಾಲಲ್ಲಿ ಬೀಗರ ಮುಂದೆ ನಿಲ್ಲಬಾರದು ಅಂತ ಹೊಸ ಪ್ಲಾಸ್ಟಿಕ್ ಚಪ್ಪಲಿ ತರಿಸಿದಳು. ಅಂಗಡಿಗೆ ತಾನು ಹೋಗಲಿಲ್ಲ. ಚಪ್ಪಲಿ ಬಿಗಿ ಇತ್ತು. "ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತೈತಿ" ಅಂದರು ಮನೆಯವರು. ಚರ್ಮದ್ದಾದರೆ ಅಷ್ಟಿಷ್ಟು ಹಿಗ್ಗುತ್ತದೆ. ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಎರಡು ದಿನ ಅದನ್ನೇ ಮೆಟ್ಟಿ ಓಡಾಡಿದಳು. ಬಾರು ಉಜ್ಜಿ ಬೆರಳಿಗೆ ಗುಳ್ಳೆ ಎದ್ದಿತು. ಅವಳಿಗೆ ಗೊತ್ತೇ ಆಗಲಿಲ್ಲ. ನೋವೇ ಇರಲಿಲ್ಲ.

ನೋವು ಯಾಕೆ ಇರಲಿಲ್ಲ? ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರ ಮಂದವಾಗುತ್ತದೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಗುಳ್ಳೆ ಒಡೆಯಿತು. ಅದೇ ಕಾಲಲ್ಲಿ ಗದ್ದೆಗೆ ಇಳಿದಳು. ಯಾರೋ ಹೇಳಿದರೆಂದು ಸುಣ್ಣ, ಹೊಗೆಸೊಪ್ಪು ಕಟ್ಟಿದಳು. ವಾಸನೆ ಬಂದ ಮೇಲೆ ಮಗ ದವಾಖಾನೆಗೆ ಕರಕೊಂಡು ಹೋದ. ಒಂದು ಬೆರಳು ತೆಗೆಯಬೇಕಾಯಿತು. ಎರಡು ತಿಂಗಳು ಕೂಲಿ ಇಲ್ಲ. ಚಪ್ಪಲಿಗೆ ಕೊಟ್ಟದ್ದು 180 ರೂಪಾಯಿ. ಉಳಿದ ಲೆಕ್ಕ ನೀವೇ ಮಾಡಿರಿ.

ಈಗಲೇ ಒಂದು ಪರೀಕ್ಷೆ ಮಾಡೋಣ. ಪಕ್ಕದಲ್ಲಿ ಕುಳಿತ ಗೆಳತಿ ಕಣ್ಣು ಮುಚ್ಚಲಿ. ಅವಳ ಹೆಬ್ಬೆರಳ ತುದಿ, ನಡುಬೆರಳ ತುದಿ, ಕಿರುಬೆರಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಮೆಲ್ಲಗೆ ಮುಟ್ಟಿರಿ. ಒತ್ತಬೇಡಿರಿ, ಚಿವುಟಬೇಡಿರಿ. ಎರಡೂ ಕಾಲಿಗೆ ಮಾಡಿರಿ. ಮುಟ್ಟಿದ್ದು ಗೊತ್ತಾಗದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಬೇಕು. ಅದು ಸಕ್ಕರೆ ಕಾಯಿಲೆ ಇರಬಹುದು, ಕುಷ್ಠ ಇರಬಹುದು, ಬೇರೆ ಏನೋ ಇರಬಹುದು. ಕುಷ್ಠಕ್ಕೆ ಈಗ ಪೂರ್ತಿ ಗುಣವಾಗುವ ಔಷಧಿ ಇದೆ. ಸರ್ಕಾರ ಪುಕ್ಕಟೆ ಕೊಡುತ್ತದೆ. ಕುಷ್ಠದಿಂದ ಪಾದ ಜೋಮು ಹಿಡಿದವರಿಗೆ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನೂ ಪುಕ್ಕಟೆ ಕೊಡುತ್ತದೆ. ಎಂಸಿಆರ್ ಚಪ್ಪಲಿ ಅಂತ ಅದರ ಹೆಸರು. ಕೇಳಲು ನಾಚಿಕೆ ಬೇಡ.

ಚಪ್ಪಲಿ ಅಂದರೆ ನಮ್ಮಲ್ಲಿ ನಾಚಿಕೆ ಬಹಳ. ಹಿರಿಯರ ಮುಂದೆ ಮೆಟ್ಟಬಾರದು ಅಂತ ಕಂಕುಳಲ್ಲಿ ಹಿಡಿದು ನಡೆದವರಿದ್ದಾರೆ. ಕೆಲವು ಕೇರಿಯವರು ಮೇಲಿನ ಓಣಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯುವಂತೆಯೇ ಇರಲಿಲ್ಲ. ಹಾಗೆ ತಡೆಯುವುದು 1955ರ ಕಾನೂನಿನ ಪ್ರಕಾರ ಅಪರಾಧ. ಆದರೆ ನೋಡಿರಿ, ಕಿಷ್ಕಿಂಧೆ ಅನ್ನುವ ನಮ್ಮ ಈ ನೆಲಕ್ಕೆ ಬಂದ ರಾಮನ ಪಾದುಕೆಯನ್ನೇ ಭರತ ಸಿಂಹಾಸನದ ಮೇಲೆ ಇಟ್ಟಿದ್ದ. ಕಲ್ಯಾಣದ ಶರಣ ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ಮಾಡಿದ ಕೆರವನ್ನು ಬಸವಣ್ಣ ಮೆಟ್ಟದೆ ತಲೆಯ ಮೇಲೆ ಹೊತ್ತ ಅನ್ನುತ್ತಾರೆ. ಕಲಬುರ್ಗಿ ಜಿಲ್ಲೆ ಆಳಂದ ತಾಲೂಕಿನ ಗೋಳಾ ಊರಿನಲ್ಲಿ ಲಕ್ಕಮ್ಮ ದೇವಿ ಗುಡಿ ಇದೆ. ಅಲ್ಲಿ ಕಾಲುನೋವು ಹೋಗಲಿ ಅಂತ ಜನ ದೇವಿಗೆ ಚಪ್ಪಲಿಯನ್ನೇ ಹರಕೆ ಕಟ್ಟುತ್ತಾರೆ. ದೇವಿಗೆ ಕೊಡುವ ಹೊತ್ತಿಗೆ ನಮ್ಮ ಕಾಲಿಗೂ ಒಂದು ಜೊತೆ ಒಳ್ಳೆಯದು ಕೊಳ್ಳೋಣ.

ಕೊಳ್ಳುವುದು ಹೇಗೆ? ಮೊದಲು ಅಳತೆ. ಸಂಜೆ ಅಳೆಯಬೇಕು. ದಿನವೆಲ್ಲ ನಿಂತು ದುಡಿದರೆ ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಮುಂಜಾನೆ ಸರಿಯಾದ ಚಪ್ಪಲಿ ಸಂಜೆ ಕಚ್ಚುತ್ತದೆ. ಒಂದು ಹಳೆಯ ಪೇಪರು ನೆಲಕ್ಕೆ ಹಾಸಿರಿ. ಅದರ ಮೇಲೆ ನಿಲ್ಲಿರಿ. ಕೂಡಬೇಡಿರಿ. ನಿಂತಾಗ ಮೈಭಾರ ಬಿದ್ದು ಪಾದ ಹರಡುತ್ತದೆ. ಮಗಳೋ ಸೊಸೆಯೋ ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಎರಡೂ ಪಾದ ಬರೆಯಿರಿ. ಬಹಳ ಜನರಿಗೆ ಒಂದು ಪಾದ ದೊಡ್ಡದು, ಒಂದು ಸಣ್ಣದು. ದೊಡ್ಡ ಪಾದಕ್ಕೆ ಚಪ್ಪಲಿ ನೋಡಬೇಕು.

ಆ ಗೆರೆಯನ್ನು ಕತ್ತರಿಸಿ ಕುಬುಸದಲ್ಲಿ ಇಟ್ಟುಕೊಂಡು ಗಂಗಾವತಿಗೆ ಹೋಗಿರಿ. ಅಂಗಡಿಯಲ್ಲಿ ಚಪ್ಪಲಿಯ ಅಟ್ಟೆಯ ಮೇಲೆ ಕಾಗದ ಇಡಿರಿ. ಕಾಗದ ಅಟ್ಟೆಯಿಂದ ಹೊರಗೆ ಬಂದರೆ ಆ ಚಪ್ಪಲಿ ನಿಮ್ಮದಲ್ಲ. ಮೆಟ್ಟಿ ನೋಡುವ ಕಷ್ಟವೂ ಬೇಡ. ಒಳಗೆ ಕೂತರೆ ಎರಡೂ ಕಾಲಿಗೆ ಮೆಟ್ಟಿರಿ. ಅಂಗಡಿಯವ ಒಂದೇ ಕಾಲಿನದು ಕೊಡುತ್ತಾನೆ. ಇನ್ನೊಂದೂ ಕೇಳಿರಿ. ಹತ್ತು ಹೆಜ್ಜೆ ನಡೆಯಿರಿ. ಬೆರಳ ಮುಂದೆ ಅರ್ಧ ಬೆರಳಿನಷ್ಟು ಜಾಗ ಇರಲಿ. ಹಿಮ್ಮಡ ಹೊರಗೆ ಚಾಚಬಾರದು. ಒಳಗೆ ಕೈ ಆಡಿಸಿ ಮೊಳೆ, ಗಟ್ಟಿ ಹೊಲಿಗೆ ಇದೆಯೇ ನೋಡಿರಿ. ಮುಂಭಾಗ ಮಡಚಿರಿ, ಬೆರಳ ಬುಡದ ಹತ್ತಿರ ಬಾಗಬೇಕು. ನಡುವೆ ಬಾಗಿದರೆ ಅದು ಬೇಗ ಮುರಿಯುತ್ತದೆ.

ನಂಬರು ಈಗ ನೀವೇ ಓದಬಲ್ಲಿರಿ. ಮೂರು ನಂಬರಿಗೆ ಒಂದು ಇಂಚು ಹೆಚ್ಚು. ಕೆಲವು ಚಪ್ಪಲಿಯ ಮೇಲೆ 5 ಜೊತೆಗೆ 38 ಅಂತಲೂ ಇರುತ್ತದೆ. ಹೆದರಬೇಡಿರಿ, ಅದು ಬೇರೆ ದೇಶದ ಲೆಕ್ಕ. ಡಬ್ಬಿಯ ಮೇಲೆ ಬೆಲೆ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಿಲ್ಲು ಇಸಕೊಳ್ಳಿರಿ.

ಹೆಂಗಸರ ಚಪ್ಪಲಿಯಲ್ಲಿ ಅಗಲ ಸಿಗದಿದ್ದರೆ ಗಂಡಸರದು ಕೇಳಿರಿ. ಅವು ಸಾಮಾನ್ಯವಾಗಿ ಅಗಲ. ಯಾರು ನಕ್ಕರೆ ನಗಲಿ. ಬಾರಿಗೆ ಬಕಲ್ ಅಥವಾ ಅಂಟುಪಟ್ಟಿ ಇದ್ದರೆ ಊದಿದಾಗ ಸಡಿಲ ಮಾಡಬಹುದು. ಸಕ್ಕರೆ ಕಾಯಿಲೆಯವರಿಗೆ ಹವಾಯಿ ಬೇಡ. ಬೆರಳ ಸಂದಿಯಲ್ಲಿ ಉಜ್ಜುತ್ತದೆ, ಜೋಮು ಹಿಡಿದ ಕಾಲಿನಿಂದ ಕಳಚಿದ್ದು ತಿಳಿಯುವುದಿಲ್ಲ. ಹಿಂದೆ ಪಟ್ಟಿ ಇರುವ, ಮೆತ್ತನೆ ಅಟ್ಟೆಯ ಚಪ್ಪಲಿ ಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿರಿ.

"ಕೆಸರಾಗ ಚಪ್ಪಲಿ ಹ್ಯಾಂಗ ಮೆಟ್ಟೂದ್ರಿ?" ಎಂದು ಕೇಳುತ್ತೀರಿ. ನಿಜ, ನಾಟಿಯ ಕೆಸರಲ್ಲಿ ಚಪ್ಪಲಿ ಹೂತು ಹೋಗುತ್ತದೆ. ಬದುವಿನ ಮೇಲೆ, ಬಾಳೆತೋಟದಲ್ಲಿ, ದಾರಿಯಲ್ಲಿ ಮೆಟ್ಟಿರಿ. ಕೆಸರಿನಿಂದ ಬಂದ ಮೇಲೆ ಕಾಲು ತೊಳೆದು ಬೆರಳ ಸಂದಿ ಒರೆಸಿರಿ. ಒಡೆದ ಹಿಮ್ಮಡದಿಂದ, ಗಾಯದಿಂದ ಇಲಿಜ್ವರದ ರೋಗಾಣು ಒಳಗೆ ಹೋಗುತ್ತದೆ. ಗಾಯ ಇದ್ದಾಗ ಕೆಸರಿಗೆ ಇಳಿಯದಿರುವುದೇ ಒಳ್ಳೆಯದು. ಕೂಲಿ ಹೋಗುತ್ತದೆ, ನಮಗೂ ಗೊತ್ತು. ಸಕ್ಕರೆ ಕಾಯಿಲೆಯವರಾದರೂ ಆ ದಿನ ಮೇಸ್ತ್ರಿಗೆ ಹೇಳಿ ಒಣ ಕೆಲಸ ಕೇಳಿರಿ.

ಆ ಅಕ್ಕ ಹೋದ ತಿಂಗಳು ತಾನೇ ಬಸ್ಸು ಹತ್ತಿ ಗಂಗಾವತಿಗೆ ಹೋದಳು. ನಾವೂ ಜೊತೆಗಿದ್ದೆವು. ಮೂರು ಅಂಗಡಿ ತಿರುಗಿದೆವು. ಮೂರನೆಯ ಅಂಗಡಿಯವ 6 ನಂಬರು ತೋರಿಸಿದ. ಅವಳು ಕಾಗದ ಇಟ್ಟು ನೋಡಿದಳು. ತಿರುಗಿಸಿ ಅಡಿಯ ಅಂಕಿ ಓದಿದಳು. "ಇದು ಆರು ಐತಿ. ನನಗ ಏಳು ಕೊಡ್ರಿ, ಗಂಡಸರದು" ಅಂದಳು. ಅಂಗಡಿಯವ ಅವಳ ಮುಖ ನೋಡಿದ, ಏಣಿ ಹತ್ತಿ ಮೇಲಿನ ಡಬ್ಬಿ ಇಳಿಸಿದ.

ಈಗ ನೀವು ಬರೆಯಿರಿ.

ನನ್ನ ಬಲಗಾಲು ........ ಇಂಚು.
ನನ್ನ ಎಡಗಾಲು ........ ಇಂಚು.
ನನ್ನ ಚಪ್ಪಲಿಯ ನಂಬರು ........